ಸಮುದ್ರಕ್ಕೊಂದು ಕಟ್ಟಿ

“ತಮ್ಮಾ, ಹಡಗಿನ್ಯಾಗ ಮೂರು ನಮೂನಿ ಖೋಲಿ ಇರ್ತಾವಂತ. ಕಿಡಕಿ ಇಲ್ಲದ್ದು, ಕಿಡಕಿ ಇದ್ದದ್ದು, ಬಾಲ್ಕನಿ ಇದ್ದದ್ದು. ರೇಟಿನ್ಯಾಗ ಭಾಳ ಫರಕ ಐತಿ. ಯಾವುದು ಹಿಡೀಬೇಕು ಹೇಳು.”

ಮುಧೋಳದ ಅಕ್ಕ ಫೋನ್ ಮಾಡಿದ್ದು ಕಬ್ಬಿನ ಬಿಲ್ಲು ಖಾತೆಗೆ ಜಮಾ ಆದ ವಾರ. ಈ ವರ್ಷ ನನಗೆ ಈ ಪ್ರಶ್ನೆ ಕೇಳಿದವರಲ್ಲಿ ಅವಳು ನಾಲ್ಕನೆಯವಳು. ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು ಕೇಳಿದ್ದರು. ಜಮಖಂಡಿಯ ನಿವೃತ್ತ ಮಾಸ್ತರರು ಕೇಳಿದ್ದರು. ಬೀಳಗಿಯ ಗೆಳೆಯ ಮಗಳ ಮದುವೆಯ ಗದ್ದಲ ಮುಗಿಸಿ, ಹೆಂಡತಿಯೊಡನೆ ಎರಡು ದಿನ ಎಲ್ಲಾದರೂ ಸುಮ್ಮನೆ ಕೂತು ಬರಬೇಕೆಂದು ಕೇಳಿದ್ದ. ನಮ್ಮ ಕಡೆ ಪ್ರವಾಸವೆಂದರೆ ಪಂಢರಪುರ, ಶ್ರೀಶೈಲ, ಹೆಚ್ಚೆಂದರೆ ಗೋವಾ ಎಂದಿದ್ದ ಕಾಲ ಕಣ್ಣೆದುರೇ ಬದಲಾಯಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಮುಂಬೈಯಿಂದ ಯಾನ ಶುರು ಮಾಡಿದ ಮೇಲೆ ಸಮುದ್ರ ನಮಗೂ ಹತ್ತಿರವಾಗಿದೆ. ರಬಕವಿಯಲ್ಲೋ ಜಮಖಂಡಿಯಲ್ಲೋ ಸಂಜೆ ಸ್ಲೀಪರ್ ಬಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಮುಂಬೈ. ಗೋವಾ, ಲಕ್ಷದ್ವೀಪದ ಯಾನಕ್ಕೆ ಪಾಸ್‌ಪೋರ್ಟಿನ ತಾಪತ್ರಯವೂ ಇಲ್ಲ.

ಕೇಳಿದವರಿಗೆಲ್ಲ ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ. ನೀವು ಸಂಜೆ ಹೊತ್ತು ಮನೆ ಮುಂದಿನ ಕಟ್ಟಿಯ ಮೇಲೆ ಕೂಡುವವರೋ, ಅಲ್ಲವೋ?

ನಮ್ಮ ಊರುಗಳಲ್ಲಿ ಕಟ್ಟಿ ಎಂದರೆ ಬರೀ ಕಲ್ಲಿನ ಜಗಲಿಯಲ್ಲ. ಅದು ಮನೆಯ ಒಳಗೂ ಇಲ್ಲ, ಓಣಿಯಲ್ಲೂ ಇಲ್ಲ. ಪಾವರ್‌ಲೂಮಿನ ಖಟಪಟ ನಿಂತ ಮೇಲೆ ನೇಕಾರ ಬೆನ್ನು ಆನಿಸುವ ಜಾಗ ಅದು. ಮೊರದಲ್ಲಿ ಜೋಳ ಹಸನು ಮಾಡುತ್ತ ಓಣಿಯ ಸುದ್ದಿ ಕೇಳುವ ಜಾಗ. ಅಲ್ಲಿ ಕೂತವರು ಏನನ್ನೂ ಮಾಡಬೇಕಾಗಿಲ್ಲ, ಯಾರನ್ನೂ ಮಾತಾಡಿಸಬೇಕಾಗಿಲ್ಲ. ಹೊರಗಿನದು ತಾನಾಗಿ ಎದುರಿಗೆ ಬಂದು ಹೋಗುತ್ತದೆ. ಹಡಗಿನ ಬಾಲ್ಕನಿ ಎಂದರೆ ಇದೇ. ಎರಡು ಕುರ್ಚಿ, ಒಂದು ಪುಟ್ಟ ಮೇಜು, ಎದೆಮಟ್ಟದ ಕಟಾಂಜನ, ಆಚೆ ನೀರು. ಕಟ್ಟಿಯ ರುಚಿ ಗೊತ್ತಿದ್ದವರಿಗೆ ಅದಕ್ಕೆ ಕೊಟ್ಟ ದುಡ್ಡು ದಕ್ಕುತ್ತದೆ. ಮನೆಯಲ್ಲಿದ್ದಾಗಲೂ ಕಾಲು ನಿಲ್ಲದೆ ತಿರುಗುವವರಿಗೆ, ಹಡಗಿನ ಈಜುಕೊಳ, ನಾಟಕ, ಹಾಡು, ಆಟ ಎಂದು ನಡುರಾತ್ರಿವರೆಗೆ ಓಡಾಡುವ ಹುಡುಗರಿಗೆ, ಅದು ದಂಡ.

ಕಿಡಕಿಯಿಲ್ಲದ ಒಳಕೋಣೆಯನ್ನು ಬಹಳ ಜನ ಹೀಗಳೆಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಒಳಕೋಣೆಯವರಿಗೂ ಊಟ ಅದೇ, ಮೇಲಿನ ಬಯಲು ಡೆಕ್ ಅದೇ, ಸಮುದ್ರವೂ ಅದೇ. ದೀಪ ಆರಿಸಿದರೆ ಕಗ್ಗತ್ತಲೆ, ನಿದ್ದೆ ಗಾಢ. ಬೆಳಗಾದದ್ದು ಮಾತ್ರ ಗೊತ್ತಾಗುವುದಿಲ್ಲ, ಗಡಿಯಾರ ನೋಡಬೇಕು. ಕಿಡಕಿಯ ಕೋಣೆ ಇವೆರಡರ ನಡುವಿನದು. ಬೆಳಕು ಸಿಗುತ್ತದೆ, ಗಾಳಿ ಸಿಗುವುದಿಲ್ಲ, ಏಕೆಂದರೆ ಆ ಗಾಜು ತೆರೆಯುವಂಥದ್ದಲ್ಲ. ಇಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಕೆಲವು ವರ್ಷಗಳ ಹಿಂದೆ ಹೊರದೇಶದ ಬಂದರಿನಿಂದ ಹೊರಟ ಹಡಗೊಂದರಲ್ಲಿ ‘ಸಮುದ್ರ ಕಾಣುವ ಕೋಣೆ’ ಎಂದು ಹಣ ಕಟ್ಟಿದ್ದೆ. ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿ, ಗಾಜಿನ ಮುಕ್ಕಾಲು ಪಾಲು ತುಂಬಿಕೊಂಡು ನೇತಾಡುತ್ತಿತ್ತು. ನಾಲ್ಕು ದಿನ ಅದರ ಹೊಟ್ಟೆಯನ್ನೇ ನೋಡಿದೆವು. ಕೋಣೆ ಕಾಯ್ದಿರಿಸುವ ಮುನ್ನ ಅದರ ನಂಬರು ಹಿಡಿದು, ಹಡಗಿನ ನಕ್ಷೆಯಲ್ಲಿ ಹೊರಗೆ ದೋಣಿ ತೂಗುಹಾಕಿದ್ದಾರೋ ಇಲ್ಲವೋ ನೋಡಬೇಕೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಬಾಲ್ಕನಿ ಎಂಬ ಹೆಸರಿನಲ್ಲೂ ನಾನಾ ತರ. ಹಡಗಿನಲ್ಲಿ ತಮ್ಮದೇ ಆದ ಹೊರಜಾಗ ಬಹುಕಾಲ ದೊಡ್ಡ ಶ್ರೀಮಂತರಿಗೇ ಮೀಸಲಾಗಿತ್ತು. 1912ರ ಟೈಟಾನಿಕ್‌ನಲ್ಲಿ 50 ಅಡಿ ಉದ್ದದ ಖಾಸಗಿ ಓಡಾಟದ ಜಾಗ ಇದ್ದದ್ದು ಎರಡೇ ಎರಡು ಸೂಟ್‌ಗಳಿಗೆ. 1984ರಲ್ಲಿ ಬಂದ ರಾಯಲ್ ಪ್ರಿನ್ಸೆಸ್ ಹಡಗು ಪ್ರಯಾಣಿಕರ ಕೋಣೆಗಳನ್ನೆಲ್ಲ ಹೊರಮುಖವಾಗಿ ಕಟ್ಟಿ, ಅವುಗಳಲ್ಲಿ ಹಲವಕ್ಕೆ ಬಾಲ್ಕನಿ ಕೊಟ್ಟಿತು. ಅಲ್ಲಿಂದ ಮುಂದೆ ಮಧ್ಯಮ ವರ್ಗದವರಿಗೂ ಕಟ್ಟಿ ಸಿಕ್ಕಿತು. ನಮ್ಮ ಮುಂಬೈಯ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಹಡಗು. ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್, ಉದ್ದ 211 ಮೀಟರ್. ಅದು ಬಾಲ್ಕನಿಗಳು ಇನ್ನೂ ವಿರಳವಾಗಿದ್ದ ಕಾಲದ್ದು. ಹಾಗಾಗಿ ಅದರ ಸುಮಾರು 800 ಕೋಣೆಗಳಲ್ಲಿ ಬಾಲ್ಕನಿ ಇರುವವು ಸ್ವಲ್ಪವೇ. ಬೇಕೆನ್ನುವವರು ದಸರೆ ಮುಗಿಯುವುದರೊಳಗೆ ಕೇಳಿಡುವುದು ಒಳ್ಳೆಯದು. ಹೊಸ ದೊಡ್ಡ ಹಡಗುಗಳಲ್ಲಿ ಬಾಲ್ಕನಿ ಧಾರಾಳ, ಆದರೆ ಎಲ್ಲವೂ ನೀರಿನ ಕಡೆ ಮುಖ ಮಾಡಿರುವುದಿಲ್ಲ. 2009ರಲ್ಲಿ ಬಂದ ಓಯಸಿಸ್ ಆಫ್ ದಿ ಸೀಸ್ ಹಡಗಿನ ನಡುವೆ ಒಂದು ತೋಟವೇ ಇದೆ. ಹಲವು ಬಾಲ್ಕನಿಗಳು ಆ ತೋಟದತ್ತ, ಹಡಗಿನ ಒಳಕ್ಕೇ, ತಿರುಗಿವೆ. ಇನ್ನು ‘ಫ್ರೆಂಚ್ ಬಾಲ್ಕನಿ’ ಎಂದರೆ ಬಾಗಿಲು ಪೂರ್ತಿ ತೆರೆಯುತ್ತದೆ, ಆಚೆ ಕಟಾಂಜನ ಮಾತ್ರ, ಕುರ್ಚಿ ಹಾಕಲು ಜಾಗವಿಲ್ಲ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಡಕ್ಕೆ ಹೊರಟ ಗಂಗಾ ವಿಲಾಸ ಎಂಬ ನದಿ ಹಡಗಿನಲ್ಲಿರುವುದು ಇಂಥದ್ದೇ. ಅದನ್ನು ಕಟ್ಟಿ ಎನ್ನಲಾಗದು, ಹೊಸ್ತಿಲು ಎನ್ನಬಹುದು.

ಯಾವ ಜಾಗದ ಕೋಣೆ ಹಿಡಿಯಬೇಕೆಂಬುದು ಬಾಲ್ಕನಿಗಿಂತ ದೊಡ್ಡ ವಿಷಯ. ಮುಂಬೈ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಗಾಲಿಯ ಆಚೆ ಕೂತವರು ಪ್ರತಿ ಹಂಪ್‌ಗೂ ಎಗರುತ್ತಾರೆ, ನಡುವೆ ಕೂತವರು ನಿದ್ದೆ ಹೊಡೆಯುತ್ತಾರೆ. ಹಡಗೂ ಹಾಗೆಯೇ. ಅಲೆಗೆ ಮೂತಿ ಎತ್ತಿ ಇಳಿಸುವಾಗ ಮುಂದಿನ ತುದಿ, ಹಿಂದಿನ ತುದಿ ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಪಕ್ಕಕ್ಕೆ ತೂಗುವಾಗ ಮೇಲಿನ ಅಂತಸ್ತು ಹೆಚ್ಚು ತೂಗುತ್ತದೆ, ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನ ಹಾಗೆ. ಕಂಕಣವಾಡಿ, ಮುತ್ತೂರಿನ ಕಡೆ ಹೊಳೆ ದಾಟಿ ಹೊಲಕ್ಕೆ ಹೋಗುವವರು ಮುದುಕರನ್ನೂ ಮಕ್ಕಳನ್ನೂ ದೋಣಿಯ ನಡುವೆ ಕೂಡಿಸುವುದು ಇದೇ ಲೆಕ್ಕಕ್ಕೆ. ವಾಂತಿಯ ಭಯವಿದ್ದವರು ಆದಷ್ಟು ನಡುಭಾಗದ, ಕೆಳ ಅಂತಸ್ತಿನ ಬಾಲ್ಕನಿ ಕೋಣೆ ಕೇಳಬೇಕು. ತಲೆ ಸುತ್ತಿದಾಗ ಹೊರಗೆ ಬಂದು ದೂರದ ದಿಗಂತವನ್ನು ನೋಡುತ್ತ ಕೂತರೆ ಎಷ್ಟೋ ಹಗುರಾಗುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಪಶ್ಚಿಮ ಕರಾವಳಿಯ ಸಮುದ್ರ ಸಾಮಾನ್ಯವಾಗಿ ಶಾಂತ. ಆದರೆ ಅದು ನಮ್ಮಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ಕಾಯುವ ಕಾಲ, ಹೊಲ ಬಿಟ್ಟು ಹೊರಡುವುದು ಕಷ್ಟ. ಮೇ ತಿಂಗಳ ಕೊನೆಗೆ ಹೊರಡುವವರು ಮುಂಗಾರಿನ ಅಲೆ ಏಳುವ ಹೊತ್ತೆಂಬುದನ್ನು ನೆನಪಿಡಬೇಕು.

ಇನ್ನೊಂದು ಮಾತನ್ನು ಏಜೆಂಟರು ಯಾರೂ ಹೇಳುವುದಿಲ್ಲ. ನಕ್ಷೆಯಲ್ಲಿ ನಿಮ್ಮ ಕೋಣೆಯ ಮೇಲೇನಿದೆ, ಕೆಳಗೇನಿದೆ ನೋಡಿ. ಎರಡೂ ಕಡೆ ಜನ ಮಲಗುವ ಕೋಣೆಗಳೇ ಇದ್ದರೆ ಒಳ್ಳೆಯದು. ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು ನಿಮ್ಮ ನೆತ್ತಿಯ ಮೇಲೆ ಕೇಳುತ್ತದೆ. ಕೆಳಗೆ ನಾಟ್ಯಶಾಲೆಯಿದ್ದರೆ ಮಧ್ಯರಾತ್ರಿವರೆಗೆ ಡೋಲು. ಮೊಣಕಾಲು ನೋವಿನವರು ಲಿಫ್ಟಿಗೆ ಹತ್ತಿರ ಇರಲಿ, ಆದರೆ ಅದರ ಬಾಯಿಗೇ ಬೇಡ. ‘ಗ್ಯಾರಂಟಿ’ ಎಂಬ ಅಗ್ಗದ ದರದಲ್ಲಿ ಕೋಣೆ ಆರಿಸುವ ಹಕ್ಕು ಕಂಪನಿಯದು, ನಿಮ್ಮದಲ್ಲ. ವಯಸ್ಸಾದವರನ್ನು ಕರೆದೊಯ್ಯುವವರು ಆ ಅಗ್ಗಕ್ಕೆ ಮನಸೋಲಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಡವೋ ಬಲವೋ? ಮುಂಬೈಯಿಂದ ಗೋವಾಕ್ಕೆ ಹಡಗು ದಕ್ಷಿಣಕ್ಕೆ ಮುಖ ಮಾಡಿ ಹೋಗುತ್ತದೆ. ಆಗ ಎಡಬದಿ ಪೂರ್ವಕ್ಕೆ, ಕೊಂಕಣದ ದಂಡೆಯ ಕಡೆ. ಬಲಬದಿ ಪಶ್ಚಿಮಕ್ಕೆ. ಬರುವಾಗ ಅದಲುಬದಲು. ಆದ್ದರಿಂದ ಎಡಬದಿಯ ಬಾಲ್ಕನಿಯವರಿಗೆ ಹೋಗುವ ದಿನದ ಸೂರ್ಯೋದಯ, ಗೋವಾ ಬಿಟ್ಟ ಸಂಜೆಯ ಸೂರ್ಯಾಸ್ತ. ಬಲಬದಿಯವರಿಗೆ ಮುಂಬೈ ಬಿಟ್ಟ ಸಂಜೆಯ ಸೂರ್ಯಾಸ್ತ, ತಿರುಗಿ ಬಂದು ಮುಟ್ಟುವ ಬೆಳಗಿನ ಸೂರ್ಯೋದಯ. ಹೊರಟ ಸಂಜೆ ಸಾಮಾನು ಜೋಡಿಸುವುದು, ಜೀವರಕ್ಷಣೆಯ ಕವಾಯತಿಗೆ ಹಾಜರಾಗುವುದು, ಊಟದ ಜಾಗ ಹುಡುಕುವುದು ಇದರಲ್ಲೇ ಸೂರ್ಯ ಮುಳುಗಿರುತ್ತಾನೆ. ಕೊನೆಯ ಬೆಳಗು ಇಳಿಯುವ ಗಡಿಬಿಡಿ. ನಾನು ಎಡಬದಿಯನ್ನೇ ಕೇಳುತ್ತೇನೆ.

ದುಡ್ಡಿನ ಮಾತು ಚುಟುಕಾಗಿ. ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲೆಗೆ ಬೀಳುವ ದರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರದ್ದೂ ತೆರಬೇಕಾಗುತ್ತದೆ. ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಶುಲ್ಕ ಬೇರೆ. ಎಲ್ಲ ಸೇರಿಸಿ ಕೈಯಿಂದ ಹೋಗುವ ಮೊತ್ತವನ್ನೇ ಕೇಳಿ, ಒಳಕೋಣೆಗೂ ಬಾಲ್ಕನಿಗೂ ಇರುವ ವ್ಯತ್ಯಾಸವನ್ನು ರಾತ್ರಿಗಳಿಂದ ಭಾಗಿಸಿ ನೋಡಿ. ಆಗ ನಿರ್ಧಾರ ಸುಲಭವಾಗುತ್ತದೆ.

ಬೀಳಗಿಯ ಗೆಳೆಯನಿಗೆ ದುಡ್ಡಿನ ತೊಂದರೆಯಿರಲಿಲ್ಲ. ಅವನಿಗೆ ಬಾಲ್ಕನಿಯನ್ನೇ ಹಿಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡಪಾ, ನಾನು ನೀರು ನೋಡಿದ್ದು ಸಾಕು” ಎಂದ. ಅವನ ಅಜ್ಜನ ಮನೆ ಆಲಮಟ್ಟಿಯ ಹಿನ್ನೀರಿನೊಳಗಿದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ನಮ್ಮ ಈ ನಾಲ್ಕೂ ತಾಲ್ಲೂಕಿನವರಿಗೆ ನೀರು ಎಂದೂ ಬರೀ ನೋಟವಲ್ಲ. ಬೇಸಿಗೆಯಲ್ಲಿ ಕೃಷ್ಣಾ ಹೊಳೆ ಬತ್ತುತ್ತದೆಂದು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿದರು. ಅದೇ ಹೊಳೆ 2019ರ ಆಗಸ್ಟಿನಲ್ಲಿ ಮನೆಯೊಳಗೆ ಬಂತು. ಕಾದು ತಂದ ನೀರು, ಅಟ್ಟಿಸಿಕೊಂಡು ಬಂದ ನೀರು, ಮನೆ ನುಂಗಿದ ನೀರು ನಮ್ಮದು. ಅದರೆದುರು ಕುರ್ಚಿ ಹಾಕಿ ಕೂಡುವುದು ಎಲ್ಲರಿಗೂ ಸಲೀಸಲ್ಲ. ಗೆಳೆಯ ಒಳಕೋಣೆಯನ್ನೇ ಹಿಡಿದ, ಹೆಂಡತಿಯೊಡನೆ ಎರಡು ದಿನ ಹಾಡು ಕೇಳಿ, ಚೆನ್ನಾಗಿ ಉಂಡು, ನಿದ್ದೆ ಮಾಡಿ ಬಂದ. ಅವನ ಮಟ್ಟಿಗೆ ಅದೇ ಸರಿಯಾದ ಆಯ್ಕೆ.

ಅಕ್ಕನದು ಬೇರೆ. ಅವರದು ಕೂಡು ಕುಟುಂಬ, ಮಾವನ ತಮ್ಮನ ಮನೆಯವರೂ ಹೊರಟಿದ್ದರು. ಹಲವು ಹಡಗುಗಳಲ್ಲಿ ಅಕ್ಕಪಕ್ಕದ ಎರಡು ಬಾಲ್ಕನಿಗಳ ನಡುವಿನ ತಡಿಕೆಯನ್ನು ಕೋಣೆಯ ಹುಡುಗನೇ ಕೀಲಿ ತೆಗೆದು ಸರಿಸಿಕೊಡುತ್ತಾನೆ. ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಬೇಕು ಅಷ್ಟೇ. ಆಗ ಎರಡು ಸಂಸಾರಕ್ಕೂ ಸೇರಿ ಒಂದೇ ಉದ್ದನೆಯ ಕಟ್ಟಿಯಾಗುತ್ತದೆ. ಇದನ್ನು ಕೇಳಿದ ಮೇಲೆ ಅಕ್ಕ ಮತ್ತೆ ರೇಟಿನ ಮಾತು ಎತ್ತಲಿಲ್ಲ.

ಅವಳಿಗೆ ಹೇಳಿದ ಎಚ್ಚರಿಕೆಗಳನ್ನು ಇಲ್ಲಿಯೂ ಹೇಳಿಬಿಡುತ್ತೇನೆ. ಹಡಗಿನಲ್ಲಿ ಬೆಂಕಿಯಷ್ಟು ದೊಡ್ಡ ಭಯ ಇನ್ನೊಂದಿಲ್ಲ. ಹೀಗಾಗಿ ಊದುಬತ್ತಿ, ಮೇಣದಬತ್ತಿ, ದೀಪ, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಒಯ್ಯಬಾರದು. ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಬೆಳಗಿನ ಇಷ್ಟಲಿಂಗ ಪೂಜೆಗೆ ತೊಂದರೆಯಿಲ್ಲ, ಅಂಗೈ ಮತ್ತು ವಿಭೂತಿ ಸಾಕು. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುವ ಮುನ್ನ ಕೇಳಿ, ಮನೆಯಲ್ಲಿ ಮಾಡಿದ ತಿನಿಸನ್ನು ಹಲವು ಹಡಗಿನವರು ಒಳಗೆ ಬಿಡುವುದಿಲ್ಲ. ಒದ್ದೆ ಸೀರೆಯನ್ನು ಬಾಲ್ಕನಿಯ ಕಟಾಂಜನಕ್ಕೆ ಎಂದೂ ಹಾಕಬೇಡಿ. ಹಡಗು ತಾಸಿಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಗಾಳಿ ಬಲವಾಗಿ ಎಳೆಯುತ್ತದೆ. ನೇಯುವವರ ಮನೆಯ ಹೆಣ್ಣುಮಗಳ ಸೀರೆ ಸಮುದ್ರದ ಪಾಲಾಗುವುದು ಬೇಡ. ಬಚ್ಚಲಮನೆಯ ಗೋಡೆಯಲ್ಲಿ ಎಳೆದು ಕಟ್ಟುವ ಸಣ್ಣ ದಾರ ಬಹಳ ಹಡಗುಗಳಲ್ಲಿ ಇರುತ್ತದೆ, ಹುಡುಕಿ. ಕುರ್ಚಿಯನ್ನು ಕಟಾಂಜನದ ಹತ್ತಿರ ಎಳೆದಿಟ್ಟು ಮಕ್ಕಳನ್ನು ಬಿಟ್ಟು ಒಳಗೆ ಬರಬೇಡಿ. ಒಳಬಾಗಿಲು, ಬಾಲ್ಕನಿ ಬಾಗಿಲು ಎರಡನ್ನೂ ಒಟ್ಟಿಗೆ ತೆರೆದರೆ ಗಾಳಿ ನುಗ್ಗಿ ಒಂದು ಬಾಗಿಲು ಧಡ್ ಎಂದು ಬಡಿಯುತ್ತದೆ, ಬೆರಳು ಜೋಪಾನ.

ಇನ್ನು ರೂಮ್ ಸರ್ವಿಸ್. ಕೋಣೆಗೇ ತಿಂಡಿ ತರಿಸಿಕೊಳ್ಳುವುದೆಂದರೆ ದುಡ್ಡು ಸುರಿಯುವುದು ಎಂದು ನಮ್ಮವರ ನಂಬಿಕೆ. ಅದರಲ್ಲಿ ಅರ್ಧ ನಿಜ. ನಾರ್ವೇಜಿಯನ್ ಕ್ರೂಸ್ ಲೈನ್ 2015ರಲ್ಲಿ, ರಾಯಲ್ ಕೆರಿಬಿಯನ್ 2017ರಲ್ಲಿ ಪ್ರತಿ ಆರ್ಡರಿಗೆ 7.95 ಡಾಲರ್ ಶುಲ್ಕ ಹಾಕಿದವು. ಆದರೆ ಬ್ರೆಡ್ಡು, ಹಣ್ಣು, ಕಾಫಿಯಂಥ ಬೆಳಗಿನ ಲಘು ತಿಂಡಿಯನ್ನು ಎರಡೂ ಕಂಪನಿಗಳು ಉಚಿತವಾಗಿಯೇ ಉಳಿಸಿದವು. ಒಂದೊಂದು ಹಡಗಿನ ಲೆಕ್ಕ ಒಂದೊಂದು. ಮೇಜಿನ ಮೇಲಿನ ಮೆನುವಿನಲ್ಲಿ ಬೆಲೆ ಬರೆದಿರುತ್ತದೆ, ಫೋನ್ ಎತ್ತುವ ಮೊದಲು ಓದಿಕೊಂಡರೆ ಆಯಿತು. ಅಡುಗೆಮನೆ ಇರುವುದು ಬೇರೆಯೇ ಅಂತಸ್ತಿನಲ್ಲಿ. ದೋಸೆಯಂಥದ್ದು ಬರುವಷ್ಟರಲ್ಲಿ ಮೆತ್ತಗಾಗುತ್ತದೆ, ಅಂಥವನ್ನು ಊಟದ ಹಾಲಿಗೇ ಹೋಗಿ ತಿನ್ನಿ. ಕೋಣೆಗೆ ತರಿಸಲು ತಕ್ಕದ್ದು ಚಹಾ, ಬಿಸ್ಕಿಟು, ಹಣ್ಣು, ಸ್ಯಾಂಡ್‌ವಿಚ್. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡದವರು ಹತ್ತಿದ ದಿನವೇ ತಿಳಿಸಿಡಬೇಕು. ಹಲವು ಹಡಗುಗಳಲ್ಲಿ ಬೆಳಗಿನ ಆರ್ಡರಿಗೆ ಒಂದು ಚೀಟಿ ಇರುತ್ತದೆ. ಏನು ಬೇಕು, ಎಷ್ಟು ಕಪ್ಪು, ಯಾವ ಅರ್ಧ ತಾಸಿನೊಳಗೆ ಬೇಕು ಎಂದು ಗುರುತು ಹಾಕಿ, ರಾತ್ರಿ ಮಲಗುವ ಮುನ್ನ ಬಾಗಿಲ ಹಿಡಿಕೆಗೆ ಹೊರಗಡೆ ತೂಗುಹಾಕಬೇಕು.

ಜನವರಿಯಲ್ಲಿ ಅವ್ವನನ್ನು ಮುಂಬೈಯಿಂದ ಕರೆದುಕೊಂಡು ಹೋದಾಗ ನಾನು ಆ ಚೀಟಿಯಲ್ಲಿ ಆರೂವರೆಯಿಂದ ಏಳರ ಚೌಕಕ್ಕೆ ಗುರುತು ಹಾಕಿದೆ. ಆ ತಿಂಗಳಲ್ಲಿ ಕೊಂಕಣದ ಕಡೆ ಸೂರ್ಯ ಕಾಣುವುದು ಏಳು ದಾಟಿದ ಮೇಲೆ.

ಅವ್ವನಿಗೆ ಎಪ್ಪತ್ಮೂರು. ನಲವತ್ತು ವರ್ಷ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿದ ಕೈ. ಅಪ್ಪನಿಗೆ, ನಮಗೆ, ಮಗ್ಗಕ್ಕೆ ಬರುವ ಕೆಲಸಗಾರರಿಗೆ, ನೂಲು ತಂದವರಿಗೆ, ಸೀರೆ ಒಯ್ಯುವವರಿಗೆ ದಿನಕ್ಕೆ ಆರೇಳು ಸಲ ಚಹಾ ಅವಳೇ ಮಾಡಿ ಕೊಟ್ಟಿದ್ದಾಳೆ. ಅವಳು ಕುಡಿಯುವುದು ಕೊನೆಗೆ, ಒಲೆಯ ಹತ್ತಿರ ನಿಂತು, ಪಾತ್ರೆಯ ತಳದಲ್ಲಿ ಉಳಿದದ್ದು. ಕೂತು ಚಹಾ ಕುಡಿದದ್ದನ್ನು ನಾನು ಆಸ್ಪತ್ರೆಯಲ್ಲಿ ಬಿಟ್ಟರೆ ನೋಡಿದ ನೆನಪಿಲ್ಲ.

ಬಾಗಿಲು ಬಡಿದಾಗ ನಾನೇಳುವ ಮೊದಲೇ ಅವಳು ಎದ್ದು ಹೋಗಿ ತೆರೆದಳು. ಹುಡುಗನೊಬ್ಬ ತಟ್ಟೆ ಹಿಡಿದು ನಿಂತಿದ್ದ. ಎರಡು ಕಪ್ಪು, ಒಂದು ಕೆಟಲ್, ಒಂದು ಪ್ಲೇಟು ಬಿಸ್ಕಿಟು. ಅವ್ವ ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಳ್ಳಲು ಹೋದಳು. ಅವನು ನಕ್ಕು, ಹಿಂದಿಯಲ್ಲಿ “ನೀವು ಕೂತುಕೊಳ್ಳಿ ಅಮ್ಮಾ” ಎಂದು ಬಾಲ್ಕನಿಯ ಮೇಜಿನವರೆಗೆ ತಂದಿಟ್ಟ. ಅವನು ತಿರುಗಿದಾಗ ಅವ್ವ ಕನ್ನಡದಲ್ಲೇ ಕೇಳಿದಳು. “ನೀ ಕುಡದಿಯೇನಪಾ?” ಅವನಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿ ಹೋದ.

ನೀರು ಇನ್ನೂ ಬೂದಿ ಬಣ್ಣ. ದೂರದಲ್ಲಿ ಮೀನು ದೋಣಿಗಳ ದೀಪ ಎರಡೋ ಮೂರೋ. ಕಟಾಂಜನದ ಮೇಲೆ ಉಪ್ಪಿನ ಅಂಟು. ಅವ್ವ ಸೆರಗು ಬಿಗಿಯಾಗಿ ಸುತ್ತಿಕೊಂಡು ಕೂತಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, “ಇದು ಯಾ ಕಡೆ ಹರಿತೈತೋ?”

ಹರಿಯುವುದಿಲ್ಲ ಅವ್ವಾ, ಇದು ಸಮುದ್ರ ಎಂದೆ.

“ನಮ್ಮ ಹೊಳಿ ಇಲ್ಲೇ ಬಂದು ಕೂಡತೈತೇನು?”

ಇಲ್ಲ ಎಂದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಆ ದಂಡೆಯಾಚೆಯ ಬೆಟ್ಟಸಾಲಿನಲ್ಲಿದೆ, ಈ ಸಮುದ್ರಕ್ಕೆ ಹೆಚ್ಚೆಂದರೆ ಅರವತ್ತೈದು ಕಿಲೋಮೀಟರ್. ಆದರೂ ಆಕೆ ಇದಕ್ಕೆ ಬೆನ್ನು ಹಾಕಿ ನಮ್ಮ ಕಡೆ ಬಂದು, ಘಟಪ್ರಭೆ, ಮಲಪ್ರಭೆಯರನ್ನು ಕೂಡಿಸಿಕೊಂಡು, ಪೂರ್ವದ ಸಮುದ್ರಕ್ಕೆ ಹೋಗುತ್ತಾಳೆ ಎಂದು ಹೇಳಿದೆ. ಅವ್ವ ಬೆಟ್ಟಸಾಲಿನ ಕಡೆಗೇ ನೋಡುತ್ತ ಕೂತಳು. “ಇಷ್ಟು ಹತ್ತರ ಇದ್ದಾಕಿ ನಮ್ಮ ಕಡೆ ಬಂದಳಲ್ಲ” ಎಂದಳು.

ಆಮೇಲೆ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡಳು. ಗಾಳಿಗೆ ಚಹಾ ಬಸಿಯ ಅಂಚಿಗೆ ಬಂದು ತುಳುಕುತ್ತಿತ್ತು. ಎಡಗೈಯನ್ನು ಅಡ್ಡ ಹಿಡಿದು, ಮೆಲ್ಲಗೆ, ಸದ್ದು ಮಾಡಿ ಕುಡಿದಳು. ಮನೆಯ ಚಹಾದಷ್ಟು ಗಟ್ಟಿಯಿರಲಿಲ್ಲ, ಆ ಮಾತನ್ನು ಅವಳು ಎತ್ತಲಿಲ್ಲ. ಸಹ್ಯಾದ್ರಿಯ ಹಿಂದಿನಿಂದ ಬೆಳಕು ಏರಿ ನೀರಿನ ಮೇಲೆ ಒಂದು ಉದ್ದನೆಯ ಪಟ್ಟಿ ನಮ್ಮ ಕಡೆಗೆ ಹರಿದು ಬಂತು. ಅವಳು ಬಸಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿ, ಮತ್ತೆ ಬಸಿ ಎತ್ತಿಕೊಂಡಳು.

ಕೆಟಲ್ ಬರಿದಾದಾಗ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು. “ಇನ್ನೊಂದೀಟು ತರಸಾಕ ಬರತೈತೇನು?”

ನಾನು ಒಳಗೆ ಹೋಗಿ ಫೋನಿನ ಗುಂಡಿ ಒತ್ತಿದೆ.